ಹೆಸರು ಬರೆಯದ ಕ್ಯಾಸೆಟ್ಟು

ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿದ ಕೂಡಲೇ ಇಡೀ ಮನೆ ಉಸಿರು ಬಿಗಿಹಿಡಿಯುತ್ತದೆ. ಅಡುಗೆಮನೆಯ ಸೌಟು ಅಲ್ಲೇ ನಿಲ್ಲುತ್ತದೆ, ಕೆಮ್ಮುವವರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ, ಅಂಗಳದ ಕೋಳಿ ಕೂಡ ಏನೋ ಆಯಿತೆಂದು ಕತ್ತು ಎತ್ತಿ ನೋಡುತ್ತದೆ. ಜಸೀಲಾಳ ಜೊತೆ ಊರೂರು ತಿರುಗಿದ ಆ ದಿನಗಳಲ್ಲಿ ನಾನು ಕಣ್ಣಾರೆ ಕಂಡದ್ದು ಇದು. ಅವುಗಳನ್ನು ನೆನೆದರೆ ಈಗಲೂ ಮಧ್ಯಾಹ್ನದ ನಿದ್ದೆಯಲ್ಲಿ ಬಿದ್ದ ಕನಸಿನಂತೆ ಅನ್ನಿಸುತ್ತದೆ. ಕನಸೇನಲ್ಲ ಎನ್ನುವುದಕ್ಕೆ ಜಸೀಲಾಳ ಮನೆಯ ಕಪಾಟಿನಲ್ಲಿ ಆ ಕಪ್ಪು ಮಿಷನ್ನು ಇನ್ನೂ ಉಂಟು.

ನಾನು ಶಿರ್ತಾಡಿಯ ಸಾಧನಾ. ಜಸೀಲಾ ಬಂಟ್ವಾಳ ಕಡೆಯಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಬಸ್ಸಿನಲ್ಲಿ ಮೂಡಬಿದಿರೆಗೆ ಬರುವವಳು. ತೊಂಬತ್ತಾರರಲ್ಲಿ ಬಿ.ಎ. ತರಗತಿಯ ಒಂದೇ ಬೆಂಚಿನಲ್ಲಿ ಕೂತೆವು, ಆಮೇಲೆ ಏಳಲಿಲ್ಲ. ಅವಳ ಅಪ್ಪನಿಗೆ ಬಂಟ್ವಾಳ ಪೇಟೆಯಲ್ಲಿ ಸಣ್ಣದೊಂದು ಚಪ್ಪಲಿ ಅಂಗಡಿ. ಮಗಳು ಪಿಯುಸಿ ಮುಗಿಸಿದಾಗ ಅವರು, "ಇನ್ನು ಸಾಕಲ್ವಾ? ಕಲಿಯಲೇಬೇಕು ಅಂತಿದ್ದರೆ ಬಸ್ಸಿಗೂ ಫೀಸಿಗೂ ನೀನೇ ನೋಡಿಕೋ" ಎಂದು ನಗೆಯಲ್ಲಿ ಹೇಳಿದ್ದರು. ಮಗಳು ನಗಲಿಲ್ಲ, ನೋಡಿಕೊಂಡಳು. ಬೇರೆ ಹುಡುಗಿಯಾದರೆ ಎರಡು ದಿನ ಊಟ ಬಿಟ್ಟು ಅಳುತ್ತಿದ್ದಳು. ಇವಳು ದುಬೈಯಲ್ಲಿದ್ದ ಅಣ್ಣ ನಿಝಾರ್ ಹಾಡು ಕೇಳಲೆಂದು ಕಳುಹಿಸಿದ್ದ ಟೇಪ್‌ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಆಗ ನಮ್ಮ ಕಡೆ ಮನೆಗೊಬ್ಬರಂತೆ ಗಲ್ಫಿನಲ್ಲಿದ್ದರು. ಎಸ್‌ಟಿಡಿ ಬೂತಿನಲ್ಲಿ ಮಾತಾಡಿದರೆ ಮೀಟರು ಓಡುತ್ತದೆ, ಜೊತೆಗೆ ಹಿಂದೆ ನಿಂತವರ ಕಿವಿಯೂ ಓಡುತ್ತದೆ. ಕಾಗದ ಬರೆಯೋಣವೆಂದರೆ ಎಷ್ಟೋ ಹೆಂಗಸರಿಗೆ ಅಕ್ಷರ ಬಾರದು. ಉಳಿದದ್ದು ಕ್ಯಾಸೆಟ್ಟು. ಅದರಲ್ಲಿ ಮಾತಾಡಿ, ರಜೆ ಮುಗಿಸಿ ಹೋಗುವವರ ಕೈಯಲ್ಲಿ ಕೊಟ್ಟರೆ ಕಡಲಾಚೆ ಮುಟ್ಟುತ್ತದೆ. ಪೇಟೆಯ ಕೆಲವು ಗಂಡು ಹುಡುಗರು ಈ ಕೆಲಸಕ್ಕೆ ಕೈಹಾಕಿ ಸೋತಿದ್ದರು, ಏಕೆಂದರೆ ಅವರಿಗೆ ಚಾವಡಿಯಿಂದ ಒಳಗೆ ಪ್ರವೇಶವಿಲ್ಲ. ಜಸೀಲಾ ನೇರ ಒಳಕೋಣೆಗೇ ಹೋಗಬಲ್ಲಳು. ಅವಳ ಬಂಡವಾಳ ಅಷ್ಟೇ.

ಅವಳದೊಂದು ಪದ್ಧತಿ ಇತ್ತು. ಮಿಷನ್ನನ್ನು ಮಂಚದ ಮೇಲೆ ಇಟ್ಟು, ಕೆಂಪು ಗುಂಡಿ ಒತ್ತಿ, ತಾನು ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದಳು. ಒಳಗೆ ಅತ್ತರೂ ನಕ್ಕರೂ ಅವಳಿಗೆ ಸಂಬಂಧವಿಲ್ಲ. ಆ ಕ್ಯಾಸೆಟ್ಟನ್ನು ಆಮೇಲೆ ಹಾಕಿ ಕೇಳುವುದಂತೂ ಹರಾಮು. ಒಮ್ಮೆ ನಾನು, "ಒಂದು ಚೂರು ಕೇಳುವ ಮಾರಾಯ್ತಿ, ಯಾರಿಗೆ ಗೊತ್ತಾಗ್ತದೆ?" ಎಂದು ಆಸೆಪಟ್ಟೆ. ಇಡೀ ದಾರಿ ಅವಳು ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನೊಂದು ಪದ್ಧತಿ ಅವಳದಲ್ಲ, ನಮ್ಮ ಊರಿನದ್ದು. ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು. "ಅವರು" ಎನ್ನಬೇಕು, "ನಮ್ಮವರು" ಎನ್ನಬೇಕು. ಜಸೀಲಾಳಂಥ ಬ್ಯಾರಿ ಮುಸಲ್ಮಾನರ ಮನೆಗಳಲ್ಲಿ ಮಾತ್ರ ಹಾಗೆಂದು ತಿಳಿಯಬೇಡಿ. ನಮ್ಮ ಅಜ್ಜಿ ಕಮಲಾವತಿ, ಅಜ್ಜ ವೀರರಾಜರ ಹೆಸರನ್ನು ಒಮ್ಮೆಯೂ ಬಾಯಿಗೆ ತಂದವಳಲ್ಲ. ಓಟಿಗೆ ಹೆಸರು ಬರೆದುಕೊಳ್ಳುವವರು ಬಂದರೆ ಸಾಕು, "ಸಾಧನಾ, ಅಜ್ಜನ ಹೆಸರು ಇವರಿಗೆ ಹೇಳು" ಎಂದು ನನ್ನನ್ನು ಕೂಗುತ್ತಿದ್ದಳು. ಹೀಗಾಗಿ ಜಸೀಲಾಳ ಕ್ಯಾಸೆಟ್ಟುಗಳೆಲ್ಲ ಒಂದೇ ಬಗೆಯಲ್ಲಿ ಶುರುವಾಗುತ್ತಿದ್ದವಂತೆ. ಸಲಾಂ, ಇಲ್ಲಿ ನಾವೆಲ್ಲ ಸೌಖ್ಯ, ನೀವೂ ಸೌಖ್ಯವೆಂದು ನಂಬಿದ್ದೇನೆ. ಯಾರು ಯಾರಿಗೆ ಹೇಳಿದ್ದೆಂದು ದೇವರೇ ಬಲ್ಲ. ಕ್ಯಾಸೆಟ್ಟಿನ ಮೇಲಾದರೂ ಹೆಸರು ಬರೆಯುವ ಎಂದರೆ ಅದಕ್ಕೂ ಬಿಡುತ್ತಿರಲಿಲ್ಲ. ಹತ್ತು ಜನ ಗಂಡಸರ ಕೈ ದಾಟಿ ಹೋಗುವ ವಸ್ತುವಿನ ಮೇಲೆ ಮನೆಯ ಹೆಂಗಸಿನ ಹೆಸರು ಏಕೆ? ಯಾವುದು ಯಾರದ್ದೆಂದು ಜಸೀಲಾ ತಲೆಯಲ್ಲೇ ಇಟ್ಟುಕೊಂಡು, ಕೊನೆಗೆ ತೆಗೆದುಕೊಂಡು ಹೋಗುವವರ ಮನೆಯಲ್ಲಿ ಒಂದೊಂದಕ್ಕೂ ಗಂಡನ ವಿಳಾಸದ ಕಾಗದ ಸುತ್ತುತ್ತಿದ್ದಳು.

ಕೆಲವರು ದುಡ್ಡು ಕೊಡುತ್ತಿದ್ದರು, ಕೆಲವರು ಕೋಳಿಮೊಟ್ಟೆ. ನನಗೆ ಸಿಗುತ್ತಿದ್ದದ್ದು ಬಾಳೆಹಣ್ಣು. ಜೈನರ ಹುಡುಗಿ, ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲವೆಂದು ಎಲ್ಲ ಮನೆಗಳಿಗೂ ಗೊತ್ತಾಗಿಹೋಗಿತ್ತು. ಆದ್ದರಿಂದ ಬಿಸಿಲು ಇಳಿಯುತ್ತಿದ್ದಂತೆ, "ಬೇಗ ತಿನ್ನು ಮಗಾ, ಮುಳುಗ್ತಾ ಉಂಟು" ಎಂದು ನನಗಿಂತ ಮೊದಲು ಅವರೇ ಗಡಿಬಿಡಿ ಮಾಡುತ್ತಿದ್ದರು. ಅಜ್ಜಿ ಮಾತ್ರ, "ಮಾತು ಮಾರಿ ಬದುಕುವುದು ಇವತ್ತೇ ಕಂಡದ್ದು" ಎಂದು ಗೊಣಗುತ್ತಿದ್ದಳು.

ಮರಳುವ ಬಸ್ಸಿನ ಹೊತ್ತು ನನಗೆ ಬಹಳ ಇಷ್ಟ. ಕಿಟಕಿಯಲ್ಲಿ ಗುಡ್ಡಗಳು ಮೆಲ್ಲಗೆ ಹಿಂದೆ ಸರಿಯುತ್ತವೆ, ಡ್ರೈವರನ ಪಕ್ಕ ಸಂಪಿಗೆ ಒಣಗುತ್ತಿರುತ್ತದೆ, ಅರ್ಧ ಬಸ್ಸು ನಿದ್ದೆಯಲ್ಲಿ. ಜಸೀಲಾ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, "ಸಾಧನಾ, ಈಗ ನನ್ನ ಮಡಿಲಲ್ಲಿ ಎರಡು ಮನೆ ಉಂಟು" ಎನ್ನುತ್ತಿದ್ದಳು. ಮುಂದೆ ಮೂಡಬಿದಿರೆ ಪೇಟೆಯಲ್ಲಿ ಒಂದು ಕೋಣೆ ಮಾಡುತ್ತಾಳಂತೆ. ಗೋಡೆಗೆಲ್ಲ ದಪ್ಪ ಕಂಬಳಿ, ಹೊರಗಿನ ಸದ್ದು ಒಳಗಿಲ್ಲ, ಒಳಗಿನ ಸದ್ದು ಹೊರಗಿಲ್ಲ. ಮಾತು ಗಂಟಲಲ್ಲಿ ಕಟ್ಟಿದ ಹೆಂಗಸರು ಬಂದು, ಬಾಗಿಲು ಹಾಕಿಕೊಂಡು, ಹಗುರಾಗಿ ಹೋಗುತ್ತಾರಂತೆ. ಗಂಡ ಗಲ್ಫಿನಲ್ಲಿರಲೇಬೇಕೆಂದಿಲ್ಲ, ಗಂಡ ಅಲ್ಲೇ ಚಾವಡಿಯಲ್ಲಿದ್ದರೂ ಆದೀತಂತೆ. ನಾನು ಆ ಕೋಣೆಯನ್ನು ಕಂಡಿದ್ದೆ ಎಂದೇ ಹೇಳಬೇಕು, ಕಂಬಳಿಯ ಬಣ್ಣ ಕೂಡ ನೆನಪುಂಟು.

ಅವಳ ಗಿರಾಕಿಗಳಲ್ಲಿ ಇಬ್ಬರ ಕಥೆ ಹೇಳಬೇಕು. ಒಬ್ಬರು ಬಂಟ್ವಾಳದ ಖದೀಜಮ್ಮ. ನಡುವಯಸ್ಸು ದಾಟಿದವರು, ಮಕ್ಕಳಿಲ್ಲ. ಗಂಡ ಅಬ್ಬಾಸಾಕ ಸೌದಿಯ ಜುಬೈಲಿನಲ್ಲಿ ಅಡುಗೆಯವರು. ಖದೀಜಮ್ಮನ ಬಾಯಿ ನಿಂತದ್ದನ್ನು ಕಂಡವರಿಲ್ಲ. ಕೋಳಿಗೆ ಬೈಯುತ್ತಾರೆ, ಬಾವಿಯ ಹಗ್ಗಕ್ಕೆ ಬೈಯುತ್ತಾರೆ, ಕಡಲಾಚೆಯ ಗಂಡನಿಗೆ ಎಣ್ಣೆಸ್ನಾನ ಮಾಡಲಿಲ್ಲವೆಂದು ಬೈಯುತ್ತಾರೆ. ಆ ಬೈಗುಳ ಕೇಳುತ್ತಾ ಕೂತರೆ ಹೊಟ್ಟೆ ತಂಪಾಗುತ್ತದೆ, ಅಷ್ಟು ಪ್ರೀತಿ ಅದರಲ್ಲಿ.

ಇನ್ನೊಬ್ಬಳು ವೇಣೂರಿನ ಜುಲೈಕಾ, ನಮ್ಮದೇ ವಯಸ್ಸು. ಮದುವೆಯಾಗಿ ತಿಂಗಳು ತುಂಬುವ ಮೊದಲೇ ಗಂಡ ಶಾಹುಲ್ ಹಮೀದ್ ದಮ್ಮಾಮಿಗೆ ಹೋಗಿದ್ದ. ಆ ತಿಂಗಳೆಲ್ಲ ಮನೆತುಂಬ ನೆಂಟರು, ಇವಳಿಗೆ ಬೆಟ್ಟದಷ್ಟು ನಾಚಿಕೆ. ಅವನು ಕೇಳಿದ್ದಕ್ಕೆ ತಲೆಯಾಡಿಸಿದ್ದು ಬಿಟ್ಟರೆ ಮಾತೇ ಆಡಲಿಲ್ಲವಂತೆ. ಈಗ ಅವನು ಬೂತಿಗೆ ಫೋನು ಮಾಡಿದರೆ ಅತ್ತೆ ಝೈನಬಮ್ಮ ಮಾತಾಡುತ್ತಾರೆ, ಇವಳು ಪಕ್ಕದಲ್ಲಿ ನಿಂತು ಗೋಡೆ ನೋಡುತ್ತಾಳೆ. ಕೊನೆಯ ಸಲ ಅವನು ತಾಯಿಯ ಹತ್ತಿರ, "ಉಮ್ಮಾ, ಅವಳಿಗೆ ನಾನು ಬೇಡವೋ ಏನೋ" ಎಂದು ಕೇಳಿದ್ದನಂತೆ. ಅದನ್ನು ಕೇಳಿ ಹೆದರಿ ಜುಲೈಕಾ ನಮ್ಮನ್ನು ಕರೆಸಿದ್ದಳು.

ಅಂದು ವೇಣೂರಿಗೆ ಹೋದಾಗ ಮಿಷನ್ನಿನ ಬ್ಯಾಟರಿ ಸೆಲ್ಲು ಹೊಸದು. ಕೆಂಪು ಗುಂಡಿ ಒತ್ತಿ ಹೊರಗೆ ಬಂದು ಕೂತೆವು. ಒಳಗಿಂದ ಒಂದು ಸದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಜುಲೈಕಾ ಬೆವರಿದ ಮುಖದಲ್ಲಿ ಬಾಗಿಲು ತೆಗೆದು, "ಆಯಿತು" ಎಂದಳು. ಪಾಪ, ಎರಡು ಮಾತಾಡಿ ನಿಲ್ಲಿಸಿರಬೇಕು ಎಂದುಕೊಂಡೆವು.

ಮರುದಿನ ಖದೀಜಮ್ಮನ ಮನೆ. ಅದೇ ಸೆಲ್ಲು, ನಡುವೆ ಬೇರೆ ಮನೆಗಳಿಗೂ ಹೋಗಿ ಸೋತಿತ್ತು. ಖದೀಜಮ್ಮ ಮಾತಾಡಿದರು, ಮಾತಾಡಿದರು, ನಾವು ಅಂಗಳದಲ್ಲಿ ಕೂತು ತೂಕಡಿಸಿ ಎದ್ದರೂ ಮಾತಾಡುತ್ತಲೇ ಇದ್ದರು. ಮಿಷನ್ನು ನಡುದಾರಿಯಲ್ಲೇ ನಿಂತಿತ್ತೆಂದು ನಮಗೆ ಹೇಗೆ ಗೊತ್ತಾಗಬೇಕು? ಮಿಷನ್ನು ನಿಂತರೂ ಖದೀಜಮ್ಮ ನಿಲ್ಲಲಿಲ್ಲ.

ಆ ಸಂಜೆಯೇ ಬಂಟ್ವಾಳದ ಒಬ್ಬರು ರಜೆ ಮುಗಿಸಿ ದಮ್ಮಾಮಿಗೆ ಹೊರಟಿದ್ದರು, ಜುಬೈಲೂ ಅಲ್ಲಿಂದ ಹತ್ತಿರ. ಬ್ಯಾಗಿನಲ್ಲಿದ್ದ ಉಳಿದವುಗಳ ಗುರುತು ಸಿಕ್ಕಿತು, ಒಂದೇ ಬಗೆಯ ಎರಡು ಕ್ಯಾಸೆಟ್ಟು ಮಾತ್ರ ಯಾವುದು ಯಾರದ್ದೆಂದು ತಲೆಯಿಂದ ಜಾರಿಹೋಗಿತ್ತು. ಹಾಕಿ ಕೇಳಿದ್ದರೆ ಒಂದು ಗಳಿಗೆಯ ಕೆಲಸ, ಆದರೆ ಇವಳು ಕೇಳುವವಳಲ್ಲ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ಒಂದರ ಟೇಪು ಪೂರ್ತಿ ಸುತ್ತಿತ್ತು, ಇನ್ನೊಂದರದ್ದು ಅರ್ಧದಲ್ಲಿ ನಿಂತಿತ್ತು. "ಮಾತಾಡುವವರದ್ದು ಪೂರ್ತಿ, ನಾಚುವವಳದ್ದು ಅರ್ಧ" ಎಂದು ಪೂರ್ತಿ ಸುತ್ತಿದ್ದಕ್ಕೆ ಅಬ್ಬಾಸಾಕನ ವಿಳಾಸ, ಅರ್ಧದ್ದಕ್ಕೆ ಶಾಹುಲ್ ಹಮೀದನ ವಿಳಾಸ ಸುತ್ತಿ ಕೊಟ್ಟಳು. ನಾನೂ ಹೌದೆಂದೆ.

ವಾರಗಳು ಕಳೆದವು. ಒಂದು ಬೆಳಿಗ್ಗೆ ಖದೀಜಮ್ಮನ ಅಂಗಳದಲ್ಲಿ ಒಂದು ಜೀಪು ನಿಂತಿತು. ಅಬ್ಬಾಸಾಕ ಇಳಿದರು, ಕೈಯಲ್ಲಿ ಪೆಟ್ಟಿಗೆ ಕೂಡ ಇಲ್ಲ. ಖದೀಜಮ್ಮ ಕೋಳಿ ಅಟ್ಟುತ್ತಾ ಬೈಯುತ್ತಿದ್ದರು. ಅದನ್ನು ಕೇಳಿದ್ದೇ ಅಬ್ಬಾಸಾಕ ಮೆಟ್ಟಿಲಲ್ಲಿ ಕುಸಿದು ಕೂತು ಅತ್ತುಬಿಟ್ಟರಂತೆ. ಬಂದ ಕ್ಯಾಸೆಟ್ಟನ್ನು ಹಾಕಿದರೆ ಅದರಲ್ಲಿ ಸೌಖ್ಯವೆಂದು ಹೇಳುವ ಪಿಸುಮಾತೊಂದು ಬಿಟ್ಟರೆ ಬರೀ ಮೌನ. ಬಳೆ ಸದ್ದು, ಎಲ್ಲೋ ಕಾಗೆ, ಬಿಟ್ಟ ಉಸಿರು, ಮತ್ತೆ ಮೌನ. "ಇವಳು ಸುಮ್ಮನಿದ್ದಾಳೆ ಎಂದರೆ ಹಾಸಿಗೆ ಹಿಡಿದಿದ್ದಾಳೆ, ಕೊನೆಗಾಲದಲ್ಲಿ ನನಗೆ ಸುಳ್ಳು ಹೇಳ್ತಾ ಇದ್ದಾಳೆ" ಎಂದು ಅವರು ಮುದೀರನ, ಅಂದರೆ ಅಲ್ಲಿನ ಮ್ಯಾನೇಜರನ, ಕಾಲು ಹಿಡಿದು ವಿಮಾನ ಹತ್ತಿದ್ದರು.

ಸುದ್ದಿ ತಿಳಿದು ನಾವು ಓಡಿಹೋದೆವು. ಜಸೀಲಾಳ ಮುಖದಲ್ಲಿ ರಕ್ತವಿಲ್ಲ. ಖದೀಜಮ್ಮ ಅವಳಿಗೆ ಮಂಗಳಾರತಿ ಎತ್ತಿದರು, ಆಮೇಲೆ ತಾವೇ ಸಮಾಧಾನ ಮಾಡಿದರು. "ಹೋಗಲಿ ಬಿಡು. ನನ್ನ ಕ್ಯಾಸೆಟ್ಟು ಬೇರೆಯವರ ಗಂಡನಿಗೆ ಹೋಯಿತಲ್ಲಾ? ಬೈಗುಳ ತಾನೇ, ಯಾವ ಗಂಡನಿಗಾದರೂ ಆಗ್ತದೆ!" ಅಬ್ಬಾಸಾಕ ಅವರನ್ನೇ ನೋಡುತ್ತಾ ಕೂತಿದ್ದರು.

ಆದರೆ ವೇಣೂರಿನವರು ಖದೀಜಮ್ಮನಲ್ಲ. ಹೊಸ ಮದುಮಗಳ ಉಸಿರನ್ನು ಪರ ಗಂಡಸು ಕಿವಿಗೊಟ್ಟು ಕೇಳಿದ್ದಾನೆ ಎಂದು ಝೈನಬಮ್ಮನಿಗೆ ತಿಳಿದರೆ ಜಸೀಲಾಳಿಗೆ ಇನ್ನು ಯಾವ ಮನೆಯ ಒಳಕೋಣೆಯೂ ತೆರೆಯುವುದಿಲ್ಲ. ಮಾತು ಮಸೀದಿ ಓಣಿ ದಾಟಿ ಅಪ್ಪನ ಅಂಗಡಿಗೆ ಬರುತ್ತದೆ, ಕಾಲೇಜು ಅಲ್ಲಿಗೆ ಮುಗಿಯುತ್ತದೆ. ಅವಳಿಲ್ಲದ ಆ ಬೆಂಚಿನಲ್ಲಿ ಕೂರುವುದನ್ನು ನೆನೆಸಲೂ ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ಜುಲೈಕಾಳಿಂದಲೇ ಕರೆ ಬಂತು. ದಮ್ಮಾಮಿನಿಂದ ಉತ್ತರದ ಕ್ಯಾಸೆಟ್ಟು ಬಂದಿತ್ತು.

ಹೋದಾಗ ಅವಳು ಗುರುತೇ ಸಿಗದಷ್ಟು ಬೆಳಗುತ್ತಿದ್ದಳು. ಒಬ್ಬಳೇ ಕೇಳಲು ಧೈರ್ಯವಿಲ್ಲವಂತೆ. "ಒಟ್ಟಿಗೆ ಕೇಳುವ" ಎಂದು ನಮ್ಮನ್ನು ಕೋಣೆಗೆ ಎಳೆದು ಬಾಗಿಲು ಹಾಕಿದಳು. ಜಸೀಲಾ, "ಜುಲೈಕಾ, ಅದಕ್ಕಿಂತ ಮೊದಲು ಒಂದು ಮಾತು…" ಎನ್ನುವಷ್ಟರಲ್ಲಿ ಮನೆಯಲ್ಲಿದ್ದ, ಹಾಡು ಕೇಳಲಿಕ್ಕಷ್ಟೇ ಬರುವ ಹಳೆಯ ಮಿಷನ್ನಿಗೆ ಕ್ಯಾಸೆಟ್ಟು ಹಾಕಿ ಅವಳೇ ಗುಂಡಿ ಒತ್ತಿಯಾಗಿತ್ತು.

ಶಾಹುಲ್ ಹಮೀದನ ಸ್ವರ ನಗುತ್ತಾ ಬಂತು. "ನೀನು ಇಷ್ಟು ಚಂದ ಬೈತೀ ಅಂತ ನನಗೆ ಗೊತ್ತೇ ಇರಲಿಲ್ಲ! ಎಣ್ಣೆ ಹಚ್ಚಿ ಮಿಂದೆ ಮಾರಾಯ್ತಿ, ನಿನ್ನ ಮೇಲಾಣೆ. ಉಪ್ಪೂ ಕಮ್ಮಿ ಮಾಡಿದ್ದೇನೆ. ರೂಮಿನವರೆಲ್ಲ ಮಲಗಿದ ಮೇಲೆ ದಿನಾ ನಿನ್ನ ಬೈಗುಳ ಹಾಕಿಕೊಂಡೇ ನಿದ್ದೆ ಮಾಡುವುದು. ಬಾವಿಯ ಹಗ್ಗ ಬದಲಿಸಲಿಕ್ಕೆ ಉಮ್ಮನಿಗೆ ಹೇಳು."

ಜುಲೈಕಾಳ ಮುಖದ ಬೆಳಕು ಒಂದೊಂದೇ ಮಾತಿಗೆ ಇಳಿಯುತ್ತಾ ಹೋಯಿತು. ಅವಳು ಮಿಷನ್ನನ್ನು ನಿಲ್ಲಿಸಿದಳು.

"ಇವರು ಯಾರ ಹತ್ತಿರ ಮಾತಾಡ್ತಾ ಇದ್ದಾರೆ?"

ಜಸೀಲಾ ಒಂದನ್ನೂ ಮುಚ್ಚಿಡಲಿಲ್ಲ. ಅರ್ಧ ಸುತ್ತಿದ ಟೇಪು, ಪೂರ್ತಿ ಸುತ್ತಿದ ಟೇಪು, ಅಬ್ಬಾಸಾಕ ಓಡಿಬಂದದ್ದು, ಎಲ್ಲ ಹೇಳಿದಳು. ಸೆಲ್ಲು ಸೋತಾಗ ಟೇಪು ನಿಧಾನ ತಿರುಗುತ್ತದೆ, ಅದನ್ನು ಸರಿಯಾದ ಸೆಲ್ಲಿನಲ್ಲಿ ಹಾಕಿದರೆ ಮುದುಕಿಯ ಸ್ವರವೂ ಹುಡುಗಿಯ ಸ್ವರದಂತೆ ಕೇಳುತ್ತದೆ, ಅದಕ್ಕೇ ಅವನಿಗೆ ತಿಳಿಯಲಿಲ್ಲ ಎಂದಳು. "ತಪ್ಪು ನನ್ನದು. ಉಮ್ಮನಿಗೆ ಹೇಳುವುದಾದರೆ ಹೇಳು."

ಬೇರೆ ಗಂಡಸು ಕೇಳಿದ ವಿಷಯ ಜುಲೈಕಾಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ಅವಳು ಕೇಳಿಸಿಕೊಂಡದ್ದು ಒಂದೇ. "ಆ ಅಬ್ಬಾಸಾಕ ಹೆಂಡತಿಯ ಮಾತು ಕೇಳದಿದ್ದಕ್ಕೇ ಹೆದರಿ ಓಡಿ ಬಂದರು. ಇವರಿಗೆ ನನ್ನ ಸ್ವರವೇ ಗೊತ್ತಿಲ್ಲ." ಬಳೆ ತಿರುಗಿಸಿದಳು. "ಗೊತ್ತಿರುವುದಾದರೂ ಹೇಗೆ? ನಾನು ಮಾತಾಡಿದ್ದರೆ ಅಲ್ವಾ?"

ಆಮೇಲೆ ಅವಳು ಹೇಳಿದ್ದು ಕೇಳಿ ನನಗೆ ಜೀವ ಬಂದಂತಾಯಿತು. "ಅವರು ಖುಷಿಯಲ್ಲಿದ್ದಾರೆ, ಜಸೀಲಾ. ಹಾಗೇ ಬಿಡುವನಾ? ಆ ಖದೀಜಮ್ಮನ ಹತ್ತಿರವೇ ಇನ್ನೊಂದು ಮಾತಾಡಿಸಿಕೊಂಡು ಬಾ. ನಾನು ಯಾರಿಗೂ ಹೇಳುವುದಿಲ್ಲ. ನಿನಗೂ ತೊಂದರೆ ಇಲ್ಲ, ನನಗೂ."

ಹೂಂ ಎನ್ನು ಎಂದು ನಾನು ಜಸೀಲಾಳ ತೊಡೆ ಚಿವುಟಿದೆ. ಹಗ್ಗ ಹರಿಯುವುದಿಲ್ಲ, ಕೋಲೂ ಮುರಿಯುವುದಿಲ್ಲ, ಇನ್ನೇನು ಬೇಕು? ಆದರೆ ಅವಳ ತಲೆಯೇ ಬೇರೆ.

"ಅವರು ರಜೆಯಲ್ಲಿ ಬಂದಾಗ ಯಾರ ಸ್ವರದಲ್ಲಿ ಮಾತಾಡ್ತಿ?" ಎಂದಳು.

ಜುಲೈಕಾಳಿಗೆ ಕಣ್ಣು ತುಂಬಿತು. ಕೋಪವೂ ಬಂದಿತ್ತು, ಯಾರ ಮೇಲೆಂದು ಅವಳಿಗೇ ಗೊತ್ತಿರಲಿಲ್ಲವೋ ಏನೋ. ಕಣ್ಣು ಒರೆಸಿಕೊಂಡು, "ಹಾಗಾದರೆ ಮಿಷನ್ ಇಡು" ಎಂದಳು. ಜಸೀಲಾ ಖಾಲಿ ಕ್ಯಾಸೆಟ್ಟು ಹಾಕಿ, ಕೆಂಪು ಗುಂಡಿ ಒತ್ತಿ, ಪದ್ಧತಿಯಂತೆ ಏಳಹೊರಟಳು. ಜುಲೈಕಾ ಅವಳ ಕೈ ಹಿಡಿದು ಕೂರಿಸಿದಳು.

ಮನೆ ಉಸಿರು ಬಿಗಿಹಿಡಿಯಿತು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು, ಟೇಪು ತಿರುಗುತ್ತಿತ್ತು. ಈ ಸಲವೂ ಅವಳು ಸುಮ್ಮನೇ ಕೂರುತ್ತಾಳೆ ಎಂದುಕೊಂಡೆ.

"ಶಾಹುಲ್ ಹಮೀದ್" ಎಂದಳು ಜುಲೈಕಾ.

ಅಡುಗೆಮನೆಯಲ್ಲಿ ಏನೋ ಬಿದ್ದು ಉರುಳಿದ ಸದ್ದಾಯಿತು.

"ಶಾಹುಲ್ ಹಮೀದ್, ಇದು ಜುಲೈಕಾ. ಸರಿಯಾಗಿ ಕೇಳಿ. ಆವಾಗ ಬೈದದ್ದು ನಾನಲ್ಲ, ಬೇರೆಯವರ ಕ್ಯಾಸೆಟ್ಟು ತಪ್ಪಿ ಬಂದದ್ದು. ನನ್ನ ಸ್ವರ ಇದು. ನನಗೆ ಅಷ್ಟು ಚಂದ ಬೈಯಲಿಕ್ಕೆ ಬರುವುದಿಲ್ಲ. ನೀವು ನನಗೆ ಬೇಕು. ಅದನ್ನು ಹೇಳಲಿಕ್ಕೆ ನನಗೆ ಇಷ್ಟು ದಿನ ಆಯಿತು."

ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಝೈನಬಮ್ಮ, ಕೈಯಲ್ಲಿ ಅಕ್ಕಿ ಹಿಟ್ಟು, ಮುಖದಲ್ಲಿ ಏನೆಂದು ಓದಲಾಗದ ಬಿಗಿ. ಮಿಷನ್ನು ಓಡುತ್ತಲೇ ಇತ್ತು. ಜಸೀಲಾ ಎದ್ದು ನಿಂತಳು. ನಾನು ಅವಳ ಬೆನ್ನ ಹಿಂದೆ ಸರಿದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ನನಗೆ ಎಲ್ಲ ಕೇಳಿಸಿತು" ಎಂದರು ಝೈನಬಮ್ಮ. "ಗೋಡೆ ಮಣ್ಣಿನದ್ದು, ಕಿವಿ ನನ್ನದು."

ಅವರು ಸೊಸೆಯ ಕಡೆಗೆ ತಿರುಗಿದರು.

"ಇಷ್ಟು ಮೆಲ್ಲಗೆ ಹೇಳಿದರೆ ಆಗುವುದಿಲ್ಲ ಮಗಳೇ. ಅವನಿಗೆ ಸಣ್ಣದಿರುವಾಗಲೇ ಒಂದು ಕಿವಿ ಮಂದ. ಮದುವೆಗೆ ಮೊದಲು ನಾವೇ ಹೇಳಲಿಲ್ಲ. ಜೋರಾಗಿ ಹೇಳು." ಹೋಗುತ್ತಾ ನನ್ನ ಕಡೆ ನೋಡಿ, "ನೀನು ಬಾ, ಹಣ್ಣು ತಿನ್ನು, ಮುಳುಗ್ತಾ ಉಂಟು" ಎಂದರು.

ಜಸೀಲಾ ನನ್ನ ಭುಜಕ್ಕೆ ಮುಖ ಒತ್ತಿ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅಂದೇ. ಝೈನಬಮ್ಮ ಆ ವಿಷಯವನ್ನು ಯಾರ ಹತ್ತಿರವೂ ಎತ್ತಲಿಲ್ಲ. ಅಷ್ಟೇ ಅಲ್ಲ, ವೇಣೂರಿನ ಇನ್ನೂ ಎಷ್ಟೋ ಮನೆಗಳಿಗೆ ಅವರೇ ಜಸೀಲಾಳನ್ನು ಕರೆದುಕೊಂಡು ಹೋದರು. ಅಂದಿನಿಂದ ಒಂದು ಬದಲಾವಣೆಯಾಯಿತು. ಕೆಂಪು ಗುಂಡಿ ಒತ್ತಿ ಹೊರಗೆ ಬರುವ ಮೊದಲು ಜಸೀಲಾ ತಾನೇ ಮಿಷನ್ನಿಗೆ ಬಾಗಿ, ಇಂಥವರ ಮನೆಯಿಂದ ಇಂಥವರಿಗೆ ಎಂದು ಗಂಡಂದಿರ ಹೆಸರು ಹೇಳತೊಡಗಿದಳು. ಅವಳಿಗೆ ಅವರು ಯಾರೂ ಗಂಡನಲ್ಲವಲ್ಲ, ಹೇಳಬಹುದು. ಹೆಂಗಸರು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು.

ಅವಳು ಬಿ.ಎ. ಮುಗಿಸಿದಳು, ಬಿ.ಎಡ್. ಕೂಡ. ಅಷ್ಟರಲ್ಲಿ ಮನೆಮನೆಗೆ ಫೋನು, ಆಮೇಲೆ ಕೈಕೈಗೆ ಮೊಬೈಲು ಬಂದು ಕ್ಯಾಸೆಟ್ಟುಗಳ ಕಾಲ ತನ್ನಷ್ಟಕ್ಕೆ ಮುಗಿಯಿತು. ಕಂಬಳಿ ಗೋಡೆಯ ಆ ಕೋಣೆ ಆಗಲೇ ಇಲ್ಲ. ಈಗ ಅವಳು ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಟೀಚರ್. ಹಾಜರಿ ಕರೆಯುವಾಗ ಒಂದೊಂದು ಹೆಸರನ್ನೂ ಪೂರ್ತಿ ಹೇಳುತ್ತಾಳಂತೆ, ಮಕ್ಕಳು ಅಣಕಿಸುತ್ತಾರಂತೆ. ಅಬ್ಬಾಸಾಕ ಮರಳಿ ಹೋಗಲಿಲ್ಲ. ಬಂಟ್ವಾಳದಲ್ಲಿ ಸಣ್ಣ ಹೋಟೆಲು ಇಟ್ಟರು, ಬೈಗುಳ ಈಗ ನೇರ ಕಿವಿಗೇ.

ಆದರೆ ಆ ಸಂಜೆ ನೆನಪಾದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಮುಂದಿನ ಉತ್ತರ ಬಂದ ದಿನದಲ್ಲಿ. ಜುಲೈಕಾ ಅದನ್ನು ಆಗಲೇ ಒಬ್ಬಳೇ ಕೇಳಿಯಾಗಿತ್ತು. ನಮಗೆ ಶುರುವಿನ ಒಂದು ತುಂಡು ಮಾತ್ರ ಕೇಳಿಸಿದಳು. ಶಾಹುಲ್ ಹಮೀದ್ ಈ ಸಲ ನಗುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡ.

"ಜುಲೈಕಾ" ಎಂದ. "ಈಗ ಗೊತ್ತಾಯಿತು. ಬೈಗುಳ ಬೇಡ. ನನ್ನ ಹೆಸರು ಇನ್ನೊಮ್ಮೆ ಹೇಳು."

ಜುಲೈಕಾ ಗುಂಡಿ ಒತ್ತಿ ಅವನ ಮಾತು ನಿಲ್ಲಿಸಿದಳು. ಖಾಲಿ ಕ್ಯಾಸೆಟ್ಟು ಕೊಡೆಂದು ಜಸೀಲಾಳ ಮುಂದೆ ಕೈ ಚಾಚಿದಳು. ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಕಳುಹಿಸಿ ಬಾಗಿಲು ಹಾಕಿಕೊಂಡಳು.